ಸರದಿ ತಪ್ಪಿದರೆ ಲೆಕ್ಕ ತಪ್ಪುತ್ತದೆ

(ಚಂದಕವಾಡಿಯಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕಂಪ್ಯೂಟರಿನ ಹೊಟ್ಟೆಯೊಳಗಿನ ಒಂದು ದೋಷದ ವಿಷಯವಾಗಿ ಚಂದಕವಾಡಿಯಲ್ಲಿ ಸಭೆ ಸೇರಿ ಮಾತನಾಡುವ ಅಗತ್ಯವೇನು ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಮೊದಲು ಉತ್ತರ ಹೇಳಿ ಮುಂದಕ್ಕೆ ಹೋಗುತ್ತೇವೆ.

ತಮ್ಮ ಅಂಗಿಯ ಜೇಬಿನಲ್ಲಿರುವ ಮೊಬೈಲು ಒಂದು ಕಂಪ್ಯೂಟರೇ. ಮಿಲ್ಲಿನ ಸಂಬಳ ಬ್ಯಾಂಕಿಗೆ ಬಿತ್ತೆಂಬ ಸುದ್ದಿ ಅದರಲ್ಲಿ ಬರುತ್ತದೆ. ಅರಿಶಿನ ಮಾರಿದ ಹಣ, ರೇಷ್ಮೆಗೂಡು ಮಾರಿದ ಹಣ, ಅಂಗಡಿಯಲ್ಲಿ ಗಿರಾಕಿ ಕೊಟ್ಟ ಹತ್ತು ರೂಪಾಯಿ, ಎಲ್ಲವೂ ಈಗ ಅದರ ಮೂಲಕವೇ ಓಡಾಡುತ್ತಿವೆ. ಹಿಂದೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರೆ ವ್ಯಾಪಾರಿ ನಿಶ್ಚಿಂತೆಯಿಂದ ಮಲಗುತ್ತಿದ್ದ. ಈಗಿನ ಗಲ್ಲಾಪೆಟ್ಟಿಗೆಯ ಬೀಗ ಎಲ್ಲಿದೆ, ಅದನ್ನು ಮಾಡಿದವರು ಯಾರು, ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂಬುದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ಬೀಗವನ್ನು ನಂಬಿ ಮಲಗುವುದು ಜಾಣತನವಲ್ಲ. ಆದುದರಿಂದ ಆ ಬೀಗದ ಕಥೆಯನ್ನು ತಮ್ಮ ಮುಂದೆ ಇಡಬಯಸುತ್ತೇವೆ.

ಉಗ್ರಾಣದ ಮೇಸ್ತ್ರಿ

ನಮ್ಮ ಜನರ ಕೈಯಲ್ಲಿರುವ ಮೊಬೈಲುಗಳಲ್ಲಿ ಬಹುಪಾಲು ಆಂಡ್ರಾಯ್ಡ್ ಜಾತಿಯವು. ಆಂಡ್ರಾಯ್ಡಿನ ತಳದಲ್ಲಿ ನಿಂತು ಕೆಲಸ ಮಾಡುವುದು ಲಿನಕ್ಸ್ ಎಂಬ ಕರ್ನಲ್. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಇದನ್ನು ಪ್ರಾರಂಭಿಸಿದ. ಆಮೇಲೆ ಪ್ರಪಂಚದ ನಾನಾ ದೇಶಗಳ ಸಾವಿರಾರು ಮಂದಿ ಕೈಜೋಡಿಸಿದರು. ಇದರ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಒಬ್ಬ ಧಣಿಯ ಸ್ವತ್ತಲ್ಲ; ಅನೇಕರ ದುಡಿಮೆಯಿಂದಾದ ಸಾರ್ವಜನಿಕ ಆಸ್ತಿ.

ಕರ್ನಲಿನ ಕೆಲಸ ಉಗ್ರಾಣದ ಮೇಸ್ತ್ರಿಯ ಕೆಲಸ. ಯಂತ್ರದ ನೆನಪನ್ನು, ಅಂದರೆ ಮೆಮೊರಿಯನ್ನು, ಅವನು ಸಣ್ಣ ಸಣ್ಣ ಖಾನೆಗಳಾಗಿ ವಿಂಗಡಿಸಿ ಇಟ್ಟಿರುತ್ತಾನೆ. ಈ ಖಾನೆಗೆ ಪುಟ ಎಂದು ಹೆಸರು. ಸಾಮಾನ್ಯವಾಗಿ ಒಂದು ಪುಟದಲ್ಲಿ 4096 ಅಕ್ಷರಗಳಿಗೆ ಜಾಗ. ಬ್ಯಾಂಕಿನ ಆಪ್ ಬಂದು ಜಾಗ ಕೇಳಿದರೆ ಕೊಡುತ್ತಾನೆ, ಹಾಡು ಕೇಳಿಸುವ ಆಪ್ ಬಂದರೆ ಅದಕ್ಕೂ ಕೊಡುತ್ತಾನೆ. ಒಬ್ಬನ ಖಾನೆಗೆ ಇನ್ನೊಬ್ಬ ಕೈಹಾಕದಂತೆ ಕಾಯುತ್ತಾನೆ. ಒಂದೇ ಸಾಮಾನು ಹತ್ತು ಮಂದಿಗೆ ಬೇಕಾದರೆ ಹತ್ತು ಪ್ರತಿ ಮಾಡುವುದಿಲ್ಲ. ಒಂದನ್ನೇ ಹತ್ತೂ ಮಂದಿಗೆ ತೋರಿಸಿ, ಎಷ್ಟು ಮಂದಿ ನೋಡುತ್ತಿದ್ದಾರೆಂದು ಲೆಕ್ಕ ಇಟ್ಟುಕೊಳ್ಳುತ್ತಾನೆ. ಲೆಕ್ಕ ಸೊನ್ನೆಗೆ ಬಂದರೆ ಖಾನೆ ಖಾಲಿ ಮಾಡಿ ಬೇರೆಯವರಿಗೆ ಕೊಡುತ್ತಾನೆ. ಈ ಲೆಕ್ಕ ತಪ್ಪಿದರೆ ಒಬ್ಬ ಇನ್ನೂ ಬಳಸುತ್ತಿರುವ ಖಾನೆ ಇನ್ನೊಬ್ಬನ ಪಾಲಾಗುತ್ತದೆ. ಆಗ ಬಡವನ ಬ್ಯಾಂಕಿನ ಗುಟ್ಟು ಕಳ್ಳನ ಕೈಗೆ ಹೋಗಬಹುದು.

ಯಾರೂ ತಪ್ಪು ಮಾಡದೆ ಆಗುವ ತಪ್ಪು

ಮೇಸ್ತ್ರಿ ಒಬ್ಬನೇ ಇದ್ದು, ಒಂದು ಕೆಲಸ ಮುಗಿಸಿ ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರೆ ತೊಂದರೆಯಿರಲಿಲ್ಲ. ಆದರೆ ಈಗಿನ ಸಾಧಾರಣ ಮೊಬೈಲಿನಲ್ಲಿಯೂ ಎಂಟು ಗಣಕಗಳು ಏಕಕಾಲಕ್ಕೆ ದುಡಿಯುತ್ತವೆ. ಒಂದು ಉಗ್ರಾಣಕ್ಕೆ ಎಂಟು ಮಂದಿ ಮೇಸ್ತ್ರಿಗಳು ಎಂದು ತಿಳಿಯಿರಿ.

ಅಂಗಡಿಯ ಉದಾಹರಣೆ ತೆಗೆದುಕೊಳ್ಳೋಣ. ಲೆಕ್ಕದ ಪುಸ್ತಕದಲ್ಲಿ ಕೈಯಲ್ಲಿರುವ ಹಣ 500 ರೂಪಾಯಿ ಎಂದು ಬರೆದಿದೆ. ಅಣ್ಣ ಪುಸ್ತಕ ನೋಡಿ, 500 ಎಂದು ಮನಸ್ಸಿನಲ್ಲಿಟ್ಟುಕೊಂಡು, ಗಿರಾಕಿಯಿಂದ 100 ವಸೂಲು ಮಾಡಲು ಹೋಗುತ್ತಾನೆ. ಅಷ್ಟರಲ್ಲಿ ತಮ್ಮನೂ ಪುಸ್ತಕ ನೋಡುತ್ತಾನೆ. ಅವನಿಗೂ 500 ಕಾಣುತ್ತದೆ. ಅವನು 200 ವಸೂಲು ಮಾಡಲು ಹೋಗುತ್ತಾನೆ. ಅಣ್ಣ ಬಂದು 600 ಎಂದು ಬರೆಯುತ್ತಾನೆ. ತಮ್ಮ ಬಂದು ಅದನ್ನು ಹೊಡೆದು 700 ಎಂದು ಬರೆಯುತ್ತಾನೆ. ಪೆಟ್ಟಿಗೆಯಲ್ಲಿ 800 ಇದೆ, ಪುಸ್ತಕದಲ್ಲಿ 700 ಇದೆ. ಅಣ್ಣನಿಗೆ ಕೂಡುವ ಲೆಕ್ಕ ಬರುತ್ತದೆ, ತಮ್ಮನಿಗೂ ಬರುತ್ತದೆ. ಇಬ್ಬರೂ ಪ್ರಾಮಾಣಿಕರು. ಆದರೂ ನೂರು ರೂಪಾಯಿ ಲೆಕ್ಕದಿಂದ ಮಾಯವಾಯಿತು.

ಇದಕ್ಕೆ ಇಂಗ್ಲಿಷಿನಲ್ಲಿ ರೇಸ್ ಕಂಡಿಷನ್ ಎನ್ನುತ್ತಾರೆ. ರೇಸು ಎಂದರೆ ಓಟದ ಪಂದ್ಯ. ಯಾರು ಮೊದಲು ಮುಟ್ಟಿದರೆಂಬುದರ ಮೇಲೆ ಫಲ ನಿಂತಿರುತ್ತದೆ. ನಾವು ಇದನ್ನು ಸರದಿ ದೋಷ ಎಂದು ಕರೆಯೋಣ.

ಮಿಲ್ಲಿನ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಿಟ್ಟರು ಯಂತ್ರದೊಳಕ್ಕೆ ಕೈಹಾಕಿ ಬೆಲ್ಟು ಸರಿಮಾಡುತ್ತಾನೆ. ಸ್ವಿಚ್ಚಿನ ಹತ್ತಿರ ನಿಂತವನು ಒಂದು ಸಾರಿ ಇಣುಕಿ ನೋಡುತ್ತಾನೆ. ಆ ಗಳಿಗೆಯಲ್ಲಿ ಫಿಟ್ಟರು ಪಾನಾ ತರಲು ಎದ್ದಿದ್ದಾನೆ. ಯಂತ್ರದಲ್ಲಿ ಯಾರೂ ಇಲ್ಲ. ಇವನು ಸ್ವಿಚ್ಚಿನ ಕಡೆ ತಿರುಗುತ್ತಾನೆ. ಅಷ್ಟರಲ್ಲಿ ಫಿಟ್ಟರು ಬಂದು ಮತ್ತೆ ಕೈಹಾಕುತ್ತಾನೆ. ಸ್ವಿಚ್ಚು ಬೀಳುತ್ತದೆ. ನೋಡಿದ್ದು ನಿಜ, ಒತ್ತಿದ್ದು ನಿಯಮದಂತೆ; ನೋಡುವುದಕ್ಕೂ ಒತ್ತುವುದಕ್ಕೂ ನಡುವೆ ಲೋಕ ಬದಲಾಯಿತು. ಆದ್ದರಿಂದಲೇ ಒಳ್ಳೆಯ ಕಾರ್ಖಾನೆಯಲ್ಲಿ ಫಿಟ್ಟರು ಸ್ವಿಚ್ಚಿಗೆ ತನ್ನ ಬೀಗ ಹಾಕಿ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಒಳಕ್ಕೆ ಕೈಹಾಕುತ್ತಾನೆ. ಆ ಬೀಗ ಫಿಟ್ಟರಿಗೆ ಯಾರೋ ಮಾಡಿದ ಉಪಕಾರವಲ್ಲ, ಅವನ ಹಕ್ಕು.

ಇಂಥ ದೋಷ ಪ್ರಾಣ ತೆಗೆದದ್ದೂ ಉಂಟು. 1985ರಿಂದ 1987ರ ಒಳಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸಾ ಯಂತ್ರದಿಂದ ಆರು ಮಂದಿ ರೋಗಿಗಳಿಗೆ ಮಿತಿಮೀರಿ ಕಿರಣ ತಗಲಿತು. ಅವರಲ್ಲಿ ಕೆಲವರು ಸತ್ತರು. ಯಂತ್ರ ನಡೆಸುವಾಕೆ ಕೈಚಳಕದಿಂದ ಬೇಗ ಬೇಗ ಬರೆದದ್ದನ್ನು ತಿದ್ದಿದರೆ, ಯಂತ್ರದ ಒಂದು ಭಾಗಕ್ಕೆ ಆ ತಿದ್ದುಪಡಿ ತಿಳಿಯುತ್ತಿರಲಿಲ್ಲ. ಹಿಂದಿನ ಮಾದರಿಯಲ್ಲಿ ಕಬ್ಬಿಣದ ತಡೆಗಳು ಇದ್ದವು. ಹೊಸ ಮಾದರಿಯಲ್ಲಿ ಅವುಗಳನ್ನು ತೆಗೆದು ಎಲ್ಲವನ್ನೂ ತಂತ್ರಾಂಶದ ಮೇಲೆ ಬಿಟ್ಟರು. ಕೆಲಸ ಚೆನ್ನಾಗಿ ಬಲ್ಲವರು ವೇಗವಾಗಿ ಮಾಡಿದಾಗಲೇ ಅನಾಹುತವಾಯಿತೆಂಬುದನ್ನು ಗಮನಿಸಬೇಕು.

ಕಚೇರಿಯ ಗುಮಾಸ್ತ ಮತ್ತು ಮೂಲ ದಾಖಲೆ

ಈಗ ನಮ್ಮ ಮೊಬೈಲಿನ ಕಥೆಗೆ ಬರೋಣ. ಒಂದು ಕಚೇರಿಯಲ್ಲಿ ಒಂದು ಮೂಲ ದಾಖಲೆ ಇದೆ ಎಂದು ಭಾವಿಸಿರಿ. ಯಾರು ಬೇಕಾದರೂ ಅದನ್ನು ನೋಡಬಹುದು, ಯಾರೂ ಅದರ ಮೇಲೆ ಬರೆಯಕೂಡದು. ಬರೆಯಬೇಕೆನ್ನುವವನಿಗೆ ಗುಮಾಸ್ತ ಒಂದು ನಕಲು ತೆಗೆದು, ಆ ನಕಲಿನ ಮೇಲೆ ಅರ್ಜಿದಾರನ ಪರವಾಗಿ ಬರೆದುಕೊಡುತ್ತಾನೆ. ನಕಲಿನ ಮೇಲೆ ಏನು ಗೀಚಿದರೂ ಮೂಲಕ್ಕೆ ಧಕ್ಕೆಯಿಲ್ಲ. ಕರ್ನಲಿನಲ್ಲಿ ಪುಟಗಳಿಗೆ ಇದೇ ಏರ್ಪಾಡು. ಬರೆಯುವಾಗ ಮಾತ್ರ ನಕಲು ಮಾಡು ಎಂಬ ಈ ನಿಯಮಕ್ಕೆ ಕಾಪಿ ಆನ್ ರೈಟ್ ಎಂದು ಹೆಸರು. ಮೂರು ಇಂಗ್ಲಿಷ್ ಮಾತುಗಳ ಮೊದಲಕ್ಷರ ಸೇರಿಸಿದರೆ ಕೌ, ಅಂದರೆ ಹಸು ಎಂದಾಗುತ್ತದೆ. ಆ ನಿಯಮ ಮುರಿದ ದೋಷಕ್ಕೆ ಡರ್ಟಿ ಕೌ, ಕೊಳಕು ಹಸು ಎಂಬ ಹೆಸರು ಬಿದ್ದದ್ದು ಹೀಗೆ.

ದೋಷ ಇಷ್ಟೇ. ಅರ್ಜಿದಾರ ಬಂದ. ಚೀಟಿಯಲ್ಲಿ ‘ಬರೆಯಲು ಬೇಕು’ ಎಂದಿದೆ. ಗುಮಾಸ್ತ ನಕಲು ತೆಗೆದು ಕಪಾಟಿನಲ್ಲಿಟ್ಟ. ನಕಲು ಆಯಿತಲ್ಲ, ಇನ್ನು ಈ ಮಾತೇಕೆ ಎಂದು ಚೀಟಿಯಿಂದ ‘ಬರೆಯಲು’ ಎಂಬುದನ್ನು ಹೊಡೆದುಹಾಕಿದ. ನಕಲು ತರಲು ಕಪಾಟಿನ ಕಡೆ ತಿರುಗಿದ. ಆ ಕ್ಷಣದಲ್ಲಿ ಅರ್ಜಿದಾರನ ಜೊತೆಗಾರ ಇನ್ನೊಂದು ಕಿಟಕಿಯಲ್ಲಿ ನಿಂತು, ‘ನಮ್ಮ ನಕಲು ನಮಗೆ ಬೇಡ, ಎಸೆದುಬಿಡಿ’ ಎಂದ. ಅದು ಅವರ ನಕಲು, ಎಸೆಯಿರೆನ್ನುವ ಹಕ್ಕು ಅವರಿಗಿದೆ, ಅಲ್ಲಿದ್ದವನು ಎಸೆದ. ನಮ್ಮ ಗುಮಾಸ್ತ ಬಂದು ನೋಡುತ್ತಾನೆ, ನಕಲು ಇಲ್ಲ. ಚೀಟಿ ನೋಡುತ್ತಾನೆ, ‘ಬರೆಯಲು’ ಎಂಬ ಮಾತೂ ಇಲ್ಲ. ಹಾಗಾದರೆ ಬರೀ ನೋಡುವವನಿರಬೇಕು ಎಂದು ಮೂಲ ದಾಖಲೆಯನ್ನೇ ಕೈಗೆತ್ತಿಕೊಂಡ. ಆಮೇಲೆ ಮೊದಲಿನ ಕೆಲಸವನ್ನು ಮುಂದುವರಿಸಿ, ಅರ್ಜಿದಾರ ಹೇಳಿದ್ದನ್ನು ಅದರ ಮೇಲೆ ಬರೆದ!

ಮೂಲ ದಾಖಲೆ ಎಂದರೆ ಯಂತ್ರದ ಯಜಮಾನಿಕೆಯನ್ನೇ ನಿರ್ಧರಿಸುವ ಕಡತವಾಗಿರಬಹುದು. ಅದನ್ನು ತಿದ್ದಿದವನು ಬಾಗಿಲ ಬಳಿ ನಿಂತ ಅಪರಿಚಿತನಾಗಿದ್ದರೂ ಮರುಗಳಿಗೆಯಲ್ಲಿ ಮನೆಯ ಯಜಮಾನನಾಗುತ್ತಾನೆ. ಒಂದು ಸಾರಿ ಯತ್ನಿಸಿದರೆ ಈ ಕಳ್ಳಾಟ ಫಲಿಸದು. ಆದರೆ ಯಂತ್ರಕ್ಕೆ ಬೇಸರವಿಲ್ಲ. ಕೆಲವೇ ನಿಮಿಷಗಳಲ್ಲಿ ಲಕ್ಷಾಂತರ ಸಾರಿ ಯತ್ನಿಸುತ್ತದೆ. ಒಂದು ಸಾರಿ ಸರದಿ ತಪ್ಪಿದರೆ ಸಾಕು.

ಮೂರು ಸಾರಿ ದುರಸ್ತಿ

ಈ ದೋಷದ ಜಾಡು ಟೊರ್ವಾಲ್ಡ್ಸನಿಗೆ 2005ರಲ್ಲಿಯೇ ಸಿಕ್ಕಿತ್ತು. ಆಗಲೇ ಒಂದು ದುರಸ್ತಿ ಮಾಡಿದ. ಅದರಿಂದ ಐಬಿಎಂ ಕಂಪನಿಯ ದೊಡ್ಡ ಯಂತ್ರಗಳಲ್ಲಿ ಬೇರೆ ತೊಂದರೆ ಹುಟ್ಟಿತೆಂದು ಆ ದುರಸ್ತಿಯನ್ನು ತೆಗೆದುಹಾಕಿದರು. ಇಂಥ ಸರದಿ ತಪ್ಪುವುದು ಕಾಗದದ ಮೇಲಿನ ಮಾತು, ನಿಜವಾಗಿ ನಡೆಯುವುದು ಕಷ್ಟ ಎಂಬ ನಂಬಿಕೆ ಆಗಿನ ಕಾಲಕ್ಕೆ ಇತ್ತು. ಕಾಲ ಬದಲಾಯಿತು, ಯಂತ್ರಗಳ ವೇಗ ಹೆಚ್ಚಿತು, ಕರ್ನಲಿನ ಒಳಗಿನ ಏರ್ಪಾಡು ಬದಲಾಯಿತು. 2007ರಲ್ಲಿ ಬಂದ 2.6.22ನೆಯ ಆವೃತ್ತಿಯಿಂದ ಮುಂದಕ್ಕೆ ಈ ದೋಷವನ್ನು ಬಳಸಿಕೊಳ್ಳುವುದು ಸಾಧ್ಯವಾಗಿತ್ತು. 2016ರ ಅಕ್ಟೋಬರ್‌ನಲ್ಲಿ ಫಿಲ್ ಓಸ್ಟರ್ ಎಂಬಾತ ತನ್ನ ಯಂತ್ರಕ್ಕೆ ಬರುವ ಸಂಚಾರವನ್ನೆಲ್ಲ ದಾಖಲು ಮಾಡಿ ಇಡುತ್ತಿದ್ದುದರಿಂದ, ಕಳ್ಳರು ಬಳಸಿದ ಆಯುಧವೇ ಅವನ ಕೈಗೆ ಸಿಕ್ಕಿತು. ಹನ್ನೊಂದು ವರ್ಷದ ಹಿಂದಿನ ಕೆಲಸಕ್ಕೆ ಟೊರ್ವಾಲ್ಡ್ಸ್ ಮತ್ತೆ ಕೈಹಾಕಬೇಕಾಯಿತು. ಅಪರೂಪ ಎಂದು ಬಿಟ್ಟ ದೋಷ ಸಾಯುವುದಿಲ್ಲ, ಕಾದು ಕೂತಿರುತ್ತದೆ.

ಹೊಸ ದುರಸ್ತಿ ಹೀಗಿತ್ತು. ಚೀಟಿಯಿಂದ ‘ಬರೆಯಲು’ ಎಂಬುದನ್ನು ಎಂದಿಗೂ ಹೊಡೆಯಕೂಡದು. ಅದರ ಪಕ್ಕದಲ್ಲಿ ‘ನಕಲು ಆಗಿದೆ’ ಎಂಬ ಇನ್ನೊಂದು ಗುರುತು ಹಾಕಬೇಕು. ಕೊಡುವ ಮೊದಲು ಕೈಯಲ್ಲಿರುವ ಕಾಗದದ ಮೇಲೆ ‘ಇದರ ಮೇಲೆ ಬರೆದಿದೆ’ ಎಂಬ ಮುದ್ರೆ ಇದೆಯೇ ಎಂದು ನೋಡಬೇಕು. ಇದ್ದರೆ ಅದು ನಕಲು; ಇಲ್ಲದಿದ್ದರೆ ಮೊದಲಿನಿಂದ ಪ್ರಾರಂಭಿಸಬೇಕು.

ಕೆಲವೇ ಸಾಲುಗಳ ತಿದ್ದುಪಡಿ. ಆದರೆ ಕಚೇರಿಯಲ್ಲಿ ದೊಡ್ಡ ರಿಜಿಸ್ಟರುಗಳಿಗೆ ಬೇರೆ ಕಿಟಕಿ ಇತ್ತು. ಕರ್ನಲ್ ಕೆಲವು ಸಾರಿ 512 ಸಣ್ಣ ಪುಟಗಳ ಬದಲು ಒಂದೇ ದೊಡ್ಡ ಪುಟ ಬಳಸುತ್ತದೆ. ಆ ಕಿಟಕಿಯ ಗುಮಾಸ್ತ ಬರೀ ಓದುವವನಿಗಾಗಿ ರಿಜಿಸ್ಟರು ಮುಟ್ಟಿದರೂ ಅದೇ ಮುದ್ರೆ ಒತ್ತಿಬಿಡುತ್ತಿದ್ದ. ಮುದ್ರೆಯನ್ನು ನಂಬಿದ ದುರಸ್ತಿ ಅಲ್ಲಿ ಮೋಸಹೋಯಿತು. 2017ರ ಕೊನೆಯಲ್ಲಿ ಅದನ್ನು ಕಂಡುಹಿಡಿದು ಸರಿಪಡಿಸಿದರು. ಅಷ್ಟಕ್ಕೂ ಮುಗಿಯಲಿಲ್ಲ. 2022ರಲ್ಲಿ ಮತ್ತೊಂದು ಬಾಗಿಲು ಕಂಡಿತು. ಆಗ ಡೇವಿಡ್ ಹಿಲ್ಡೆನ್‌ಬ್ರಾಂಡ್ ಎಂಬ ಕರ್ನಲ್ ಕೆಲಸಗಾರ, ಬೇರೆ ಉದ್ದೇಶಕ್ಕಾಗಿ ಇರುವ ಮುದ್ರೆಯನ್ನು ನೋಡಿ ನಿರ್ಧರಿಸುವ ಪದ್ಧತಿಯನ್ನೇ ಕೈಬಿಟ್ಟು, ಈ ಪುಟ ಈ ಅರ್ಜಿದಾರನೊಬ್ಬನಿಗೇ ಸೇರಿದ ಸ್ವಂತ ಪುಟವೇ ಎಂದು ಪುಟವನ್ನೇ ಕೇಳುವ ನಿಯಮ ತಂದ. ‘ನಕಲು ಆಗಿದೆ’ ಎಂಬ 2016ರ ಗುರುತು ಅಲ್ಲಿಗೆ ರದ್ದಾಯಿತು.

ಮಿತ್ರರೇ, ಇದರಲ್ಲಿ ಒಂದು ಪಾಠವಿದೆ. ಒಂದು ಕಿಟಕಿಗೆ ಮಾತ್ರ ನಿಯಮ ಮಾಡಿದರೆ ಕಳ್ಳ ಇನ್ನೊಂದು ಕಿಟಕಿಗೆ ಹೋಗುತ್ತಾನೆ. ಹಿಂದೆ ಯಾವಾಗಲೋ ಒತ್ತಿದ ಮುದ್ರೆಯನ್ನು ನೋಡಿ ಕೆಲಸ ಮಾಡಕೂಡದು; ಕೆಲಸ ಮಾಡುವ ಗಳಿಗೆಯಲ್ಲಿ ನಿಜಸ್ಥಿತಿಯನ್ನು ನೋಡಬೇಕು, ನೋಡಿದ್ದು ಬದಲಾಗದಂತೆ ಹಿಡಿದಿಟ್ಟುಕೊಂಡೇ ಕೆಲಸ ಮುಗಿಸಬೇಕು.

ಒಂದೇ ಬೀಗವೋ, ಸಾವಿರ ಬೀಗವೋ

ಹಾಗಾದರೆ ಇಡೀ ಉಗ್ರಾಣಕ್ಕೆ ಒಂದೇ ಬೀಗ ಹಾಕಿ, ಬೀಗದ ಕೈ ಇದ್ದವನೊಬ್ಬನೇ ಒಳಗೆ ಹೋಗಲಿ ಎಂದರಾಗದೆ? ಲಿನಕ್ಸಿನವರು ಮೊದಲು ಹಾಗೆಯೇ ಮಾಡಿದರು. 1996ರ 2.0ನೆಯ ಆವೃತ್ತಿಯಲ್ಲಿ ಇಡೀ ಕರ್ನಲಿಗೆ ಒಂದು ದೊಡ್ಡ ಬೀಗವಿತ್ತು. ಸುರಕ್ಷಿತವೇನೋ ಹೌದು, ಆದರೆ ಎಂಟು ಮಂದಿ ಮೇಸ್ತ್ರಿಗಳಲ್ಲಿ ಏಳು ಮಂದಿ ಬಾಗಿಲಲ್ಲಿ ಬೀಡಿ ಸೇದುತ್ತ ನಿಲ್ಲಬೇಕು. ನ್ಯಾಯಬೆಲೆ ಅಂಗಡಿಯ ಮುಂದೆ ಸರದಿ ಬೆಳೆದಂತೆ ಕೆಲಸ ಬೆಳೆಯಿತು. ಆ ಬೀಗವನ್ನು ಸ್ವಲ್ಪ ಸ್ವಲ್ಪವಾಗಿ ಕಳಚಿ, ಪೂರ್ತಿ ತೆಗೆಯುವ ಹೊತ್ತಿಗೆ 2011 ಬಂದಿತ್ತು. ಹದಿನೈದು ವರ್ಷದ ಕೆಲಸ.

ಅದರ ಬದಲಿಗೆ ಬಂದವು ಸಣ್ಣ ಬೀಗಗಳು. ಒಬ್ಬೊಬ್ಬ ಬಳಕೆದಾರನ ನೆನಪಿನ ನಕ್ಷೆಗೆ ಒಂದೊಂದು ಬೀಗ. ಓದುವವರು ಎಷ್ಟು ಮಂದಿಯಾದರೂ ಒಟ್ಟಿಗೆ ಬರಲಿ, ತಿದ್ದುವವನು ಮಾತ್ರ ಒಬ್ಬನೇ ಬರಲಿ ಎಂಬುದು ಅದರ ಕಟ್ಟಳೆ. 2023ರ 6.4ನೆಯ ಆವೃತ್ತಿಯಲ್ಲಿ ಅದನ್ನೂ ಒಡೆದು ನಕ್ಷೆಯ ಒಂದೊಂದು ತುಂಡಿಗೆ ಒಂದೊಂದು ಬೀಗ ಮಾಡಿದರು.

ಬೀಗ ಹೆಚ್ಚಾದಂತೆ ಬೇರೊಂದು ಗೋಳು. ಒಂದು ಅಂಗಡಿಯಲ್ಲಿ ಒಂದೇ ತಕ್ಕಡಿ, ಒಂದೇ ಜೊತೆ ತೂಕದ ಕಲ್ಲು ಇದೆ. ಅಣ್ಣ ತಕ್ಕಡಿ ಹಿಡಿದು ಕಲ್ಲಿಗೆ ಕಾಯುತ್ತಾನೆ. ತಮ್ಮ ಕಲ್ಲು ಹಿಡಿದು ತಕ್ಕಡಿಗೆ ಕಾಯುತ್ತಾನೆ. ಇಬ್ಬರೂ ಬಿಡುವುದಿಲ್ಲ. ಸಂಜೆಯವರೆಗೂ ವ್ಯಾಪಾರವಿಲ್ಲ. ಇದಕ್ಕೆ ಒಂದೇ ಮದ್ದು: ಎಲ್ಲರೂ ಮೊದಲು ತಕ್ಕಡಿ, ಆಮೇಲೆ ಕಲ್ಲು ಎಂದು ಕಟ್ಟಳೆ ಮಾಡಿಕೊಳ್ಳುವುದು. ಯಾವ ಬೀಗದ ನಂತರ ಯಾವ ಬೀಗ ಹಿಡಿಯಬೇಕೆಂಬ ಪಟ್ಟಿಯನ್ನು ಲಿನಕ್ಸಿನ ಮೆಮೊರಿ ವಿಭಾಗದ ಒಂದು ಕಡತದ ತಲೆಯಲ್ಲಿಯೇ ಬರೆದಿಟ್ಟಿದ್ದಾರೆ. ಈ ಕ್ರಮವನ್ನು ಯಾರಾದರೂ ಮುರಿದರೆ ಎಚ್ಚರಿಸುವ ಕಾವಲುಗಾರನನ್ನು 2006ರಲ್ಲಿ ಇಂಗೊ ಮೊಲ್ನಾರ್ ಎಂಬಾತ ಕರ್ನಲಿನಲ್ಲಿ ನಿಲ್ಲಿಸಿದ. ಸಹಕಾರ ಸಂಘಕ್ಕೆ ಬೈಲಾ ಇದ್ದಂತೆ ಇದು. ಬೈಲಾ ಇಲ್ಲದ ಸಂಘದಲ್ಲಿ ಸದಸ್ಯರು ಎಷ್ಟೇ ಒಳ್ಳೆಯವರಾದರೂ ಜಗಳ ತಪ್ಪದು.

ಬೆಂಗಳೂರಿನ ಪಾಲು

ಬೀಗವೇ ಇಲ್ಲದೆ ಓದಿಸುವ ಉಪಾಯವೂ ಒಂದಿದೆ. ಅದರಲ್ಲಿ ನಮ್ಮ ಬೆಂಗಳೂರಿನ ಕೈವಾಡವೂ ಇರುವುದರಿಂದ ಹೇಳಲೇಬೇಕು. ಮಾರುಕಟ್ಟೆಯಲ್ಲಿ ದರಪಟ್ಟಿಯ ಹಲಗೆ ತೂಗುಹಾಕಿದೆ, ನೂರು ಮಂದಿ ಓದುತ್ತಿದ್ದಾರೆ. ದರ ಬದಲಾಯಿತು. ಎಲ್ಲರನ್ನೂ ಹೊರಗೆ ಕಳಿಸಿ ಹಲಗೆ ಒರೆಸಿ ಬರೆಯಬೇಕೆ? ಬೇಕಿಲ್ಲ. ಪಕ್ಕದ ಕೋಣೆಯಲ್ಲಿ ಹೊಸ ಹಲಗೆ ಬರೆದು ತಂದು ನಿಲ್ಲಿಸಿ. ಹೊಸದಾಗಿ ಬಂದವರು ಹೊಸದನ್ನು ಓದುತ್ತಾರೆ. ಹಳೆಯದನ್ನು ಓದುತ್ತಿದ್ದವರು ಓದಿ ಮುಗಿಸಿ ಹೋಗಲಿ. ಅವರಲ್ಲಿ ಕೊನೆಯವನೂ ಹೋದನೆಂದು ಖಾತರಿಯಾದ ಮೇಲೆ ಹಳೆಯ ಹಲಗೆ ತೆಗೆದುಹಾಕಿ. ಇದಕ್ಕೆ ಆರ್‌ಸಿಯು ಎಂದು ಹೆಸರು. ಅಮೆರಿಕದ ಪಾಲ್ ಮೆಕೆನ್ನಿಯವರ ಜೊತೆಯಲ್ಲಿ, ಬೆಂಗಳೂರಿನ ಐಬಿಎಂ ತಂತ್ರಾಂಶ ಪ್ರಯೋಗಾಲಯದಲ್ಲಿದ್ದ ದೀಪಂಕರ್ ಶರ್ಮ ಮತ್ತು ಮನೀಶ್ ಸೋನಿಯವರು ಇದನ್ನು ಲಿನಕ್ಸಿಗೆ ತರಲು ದುಡಿದರು. 2001ರಲ್ಲಿ ಕೆನಡಾದ ಒಟ್ಟಾವದಲ್ಲಿ ನಡೆದ ಸಮ್ಮೇಳನದ ಪ್ರಬಂಧದಲ್ಲಿ ಇವರ ಹೆಸರುಗಳಿವೆ. 2002ರಲ್ಲಿ ಅದು ಕರ್ನಲಿಗೆ ಸೇರಿತು.

ಒಳ್ಳೆಯ ಉಪಾಯವೂ ಕಟ್ಟಳೆ ತಪ್ಪಿದರೆ ಕೆಡುತ್ತದೆ. 2023ರಲ್ಲಿ ಸ್ಟ್ಯಾಕ್‌ರಾಟ್ ಎಂಬ ದೋಷ ಹೊರಬಿತ್ತು. ಆಗ ನಡೆದದ್ದು ಇದು: ನಕ್ಷೆಯ ಒಂದು ತುಂಡನ್ನು ಹಿಗ್ಗಿಸುವ ಕೆಲಸವನ್ನು ಓದುವವರ ಬೀಗದ ಕೈ ಹಿಡಿದೇ ಮಾಡಿಬಿಡುವ ಹಳೆಯ ಸಲಿಗೆ ಇತ್ತು. ನಕ್ಷೆಯ ಹೊಸ ಏರ್ಪಾಡು ಬಂದ ಮೇಲೆ ಹಾಗೆ ಹಿಗ್ಗಿಸುವಾಗ ಹಳೆಯ ಹಲಗೆ ಬದಲಾಗಿ ಹೊಸ ಹಲಗೆ ಬರುತ್ತಿತ್ತು. ಹಳೆಯದನ್ನು ತೆಗೆಯುವವನು ಆರ್‌ಸಿಯು ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು ಹೋಗುವವರೆಗೆ ಕಾದ. ಆದರೆ ಬೀಗದ ಕೈ ಹಿಡಿದು ಒಳಗಿದ್ದ ಓದುಗರ ಹೆಸರು ಆ ಹಾಜರಿಯಲ್ಲಿ ಇರಲಿಲ್ಲ. ಅವರು ಓದುತ್ತಿದ್ದಂತೆಯೇ ಹಲಗೆ ಮಾಯವಾಗಿ, ಅದರ ಜಾಗದಲ್ಲಿ ಬೇರೆಯವರ ಸಾಮಾನು ಬರುವ ಅಪಾಯ ಹುಟ್ಟಿತು. ರುಯಿಹಾನ್ ಲಿ ಎಂಬಾತ ಜೂನ್ 15ರಂದು ಇದನ್ನು ತಿಳಿಸಿದ. ಹಿಗ್ಗಿಸುವವನು ತಿದ್ದುವವನ ಬೀಗವನ್ನೇ ಹಿಡಿಯಬೇಕು ಎಂಬ ನಿಯಮ ಆ ತಿಂಗಳು ಮುಗಿಯುವುದರೊಳಗೆ ಜಾರಿಗೆ ಬಂತು. ಎರಡು ವಾರದ ಕೆಲಸ. ಮುಖ್ಯ ಕರ್ನಲಿಗೆ ಸೇರಿಸಿದವನು ಟೊರ್ವಾಲ್ಡ್ಸನೇ.

ಇಂಥ ದೋಷವನ್ನು ಹಿಡಿಯುವುದು ಕಷ್ಟ. ಹತ್ತು ಸಾವಿರ ಸಾರಿ ಸರಿಯಾಗಿ ನಡೆದು ಒಂದು ಸಾರಿ ತಪ್ಪುತ್ತದೆ. ನೋಡಲು ಹೋದರೆ ತಪ್ಪುವುದೇ ಇಲ್ಲ. ಆದುದರಿಂದ 2020ರಲ್ಲಿ ಕೆಸಿಸಾನ್ ಎಂಬ ತನಿಖೆಯ ಸಾಧನವನ್ನು ಕರ್ನಲಿಗೆ ಸೇರಿಸಿದರು. ಅದು ಕೆಲಸಗಾರನೊಬ್ಬನನ್ನು ಬೇಕೆಂದೇ ಒಂದು ಕ್ಷಣ ತಡೆದು ನಿಲ್ಲಿಸಿ, ಅವನು ಮುಟ್ಟಲಿರುವ ಖಾನೆಗೆ ಬೇರೆ ಯಾರಾದರೂ ಕೈಹಾಕುತ್ತಾರೆಯೇ ಎಂದು ಕಾದು ನೋಡುತ್ತದೆ. ಅವಸರದಲ್ಲಿ ಅಡಗುವ ತಪ್ಪನ್ನು ನಿಧಾನದಿಂದ ಹೊರಗೆಳೆಯುವ ಉಪಾಯ.

ದುರಸ್ತಿ ಎಲ್ಲಿ ನಿಂತಿತು?

ಇಲ್ಲಿಯವರೆಗೆ ಹೇಳಿದ್ದು ದುಡಿದವರ ಕಥೆ. ಇನ್ನು ಹೇಳಬೇಕಾದುದು ದುಡಿಮೆಯ ಫಲ ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂಬುದು.

ಡರ್ಟಿ ಕೌ ದೋಷಕ್ಕೆ 2016ರ ಅಕ್ಟೋಬರ್‌ನಲ್ಲಿ ಮದ್ದು ಸಿಕ್ಕಿತು. ಆ ವರ್ಷ ಮುಗಿಯುವ ಹೊತ್ತಿಗೆ ಗೂಗಲ್ ಕಂಪನಿ ಆಂಡ್ರಾಯ್ಡಿಗೂ ಅದನ್ನು ಹೊರಡಿಸಿತು. ಆದರೆ 2017ರ ಸೆಪ್ಟೆಂಬರ್‌ನಲ್ಲಿ, ಅಂದರೆ ಮದ್ದು ಸಿದ್ಧವಾಗಿ ಹನ್ನೊಂದು ತಿಂಗಳಾದ ಮೇಲೆ, ಟ್ರೆಂಡ್ ಮೈಕ್ರೋ ಎಂಬ ಸಂಸ್ಥೆ ಒಂದು ವರದಿ ಪ್ರಕಟಿಸಿತು. ಝಡ್‌ನಿಯು ಎಂಬ ಕಳ್ಳ ತಂತ್ರಾಂಶ ಅದೇ ಹಳೆಯ ದೋಷದ ಮೂಲಕ ಮೊಬೈಲುಗಳಿಗೆ ನುಗ್ಗುತ್ತಿದೆ. ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ಕಂಡುಬಂದಿದೆ. ಐದು ಸಾವಿರಕ್ಕೂ ಹೆಚ್ಚು ಬಳಕೆದಾರರು ಸಿಕ್ಕಿಬಿದ್ದಿದ್ದಾರೆ. ಅವರಲ್ಲಿ ಹೆಚ್ಚಿನವರು ಚೀನಾ ಮತ್ತು ಭಾರತದವರು. ಆಟದ ಆಪ್ ಮುಂತಾದ ವೇಷ ಹಾಕಿಕೊಂಡು ಅದು ಬರುತ್ತಿತ್ತು. ಚೀನಾದಲ್ಲಿ ಮೊಬೈಲಿನ ಯಜಮಾನನಿಗೆ ತಿಳಿಯದಂತೆ ಸಂದೇಶ ಕಳಿಸಿ ಸಣ್ಣ ಸಣ್ಣ ಮೊತ್ತ ಎತ್ತುತ್ತಿತ್ತು. ಬೇರೆ ದೇಶಗಳಲ್ಲಿ ಹಣ ಎತ್ತಲಾಗದಿದ್ದರೂ ಕಳ್ಳ ಬಾಗಿಲೊಂದನ್ನು ತೆರೆದಿಟ್ಟು ಹೋಗುತ್ತಿತ್ತು.

ಮದ್ದು ಇದ್ದೂ ಜನ ಏಕೆ ಸಿಕ್ಕಿಬಿದ್ದರು? ಮದ್ದು ತಲುಪುವ ದಾರಿ ಹಾಗಿದೆ. ಕರ್ನಲಿನವರು ಮದ್ದು ಮಾಡಿ ಎಲ್ಲರ ಮುಂದೆ ಇಡುತ್ತಾರೆ, ಬಿಡಿಗಾಸು ಕೇಳುವುದಿಲ್ಲ. ಅಲ್ಲಿಂದ ಅದು ಗೂಗಲಿಗೆ, ಅಲ್ಲಿಂದ ಗಣಕದ ಚಿಪ್ಪು ಮಾಡುವ ಕಂಪನಿಗೆ, ಅಲ್ಲಿಂದ ಮೊಬೈಲು ಕಂಪನಿಗೆ, ಅಲ್ಲಿಂದ ನಮ್ಮ ಕೈಗೆ ಬರಬೇಕು. ಯಾವ ಮೆಟ್ಟಿಲಲ್ಲಿ ಯಾರು ತಡೆದರೂ ನಮಗೆ ಬರುವುದಿಲ್ಲ. ಐವತ್ತು ಸಾವಿರದ ಮೊಬೈಲು ಕೊಂಡವನಿಗೆ ವರ್ಷಗಟ್ಟಲೆ ಬರುತ್ತದೆ. ಏಳು ಸಾವಿರದ ಮೊಬೈಲು ಕೊಂಡ ಕೂಲಿಯವನಿಗೆ ಸ್ವಲ್ಪ ದಿನ ಬಂದು ನಿಂತುಹೋಗುತ್ತದೆ, ಕೆಲವಕ್ಕೆ ಬರುವುದೇ ಇಲ್ಲ. ಹಳೆಯ ಮಾದರಿಗೆ ದುರಸ್ತಿ ಮಾಡಿದರೆ ಲಾಭವಿಲ್ಲ, ಹೊಸದು ಮಾರಿದರೆ ಲಾಭವಿದೆ ಎಂಬುದು ಕಂಪನಿಯ ಲೆಕ್ಕ. ಸಾವಿರಾರು ಮಂದಿ ಸೇರಿ ಮಾಡಿದ ಸಾರ್ವಜನಿಕ ದುರಸ್ತಿ ಖಾಸಗಿ ಬಾಗಿಲಲ್ಲಿ ಹೀಗೆ ನಿಲ್ಲುತ್ತದೆ. ಕೆರೆ ತುಂಬಿದ್ದರೂ ತೂಬು ಎತ್ತದಿದ್ದರೆ ಕೊನೆಯ ಗದ್ದೆ ಒಣಗುತ್ತದೆ. ಒಣಗುವುದು ಯಾವಾಗಲೂ ಕೊನೆಯ ಗದ್ದೆಯೇ.

ಇದೂ ಒಂದು ಸರದಿ ದೋಷವೇ ಎಂದು ನಮ್ಮ ಅಭಿಪ್ರಾಯ. ಮದ್ದು ಮೊದಲು ತಲುಪುತ್ತದೆಯೋ ಕಳ್ಳ ಮೊದಲು ತಲುಪುತ್ತಾನೋ ಎಂಬ ಓಟ. ಒಳಗಿನ ಓಟಕ್ಕೆ ಕರ್ನಲಿನವರು ಕಟ್ಟಳೆ ಮಾಡಿದರು. ಹೊರಗಿನ ಓಟಕ್ಕೆ ಕಟ್ಟಳೆ ಮಾಡಬೇಕಾದವರು ಸರ್ಕಾರದವರು, ಮಾಡಿಸಬೇಕಾದವರು ನಾವು.

ಬೇರೆ ಕಡೆ ಮಾಡಿದ್ದಾರೆ. ಮೊಬೈಲಿಗೆ ಎಷ್ಟು ಕಾಲ ಸುರಕ್ಷತೆಯ ದುರಸ್ತಿ ಕೊಡುತ್ತೇವೆಂಬುದನ್ನು ಮಾರುವಾಗಲೇ ತಿಳಿಸಬೇಕೆಂಬ ಕಾನೂನು 2024ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಜಾರಿಯಲ್ಲಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅದಕ್ಕೆ ಇಂಥ ದುರಸ್ತಿ ಸಿಗುವಂತಿರಬೇಕು. ಅಲ್ಲಿನ ಗಿರಾಕಿಗೆ ಸಲ್ಲುವ ಹಕ್ಕು ಚಂದಕವಾಡಿಯ ಗಿರಾಕಿಗೂ ಸಲ್ಲಬೇಕು. ಮೊಬೈಲಿನ ಮೂಲಕವೇ ಸಂಬಳ, ಪಿಂಚಣಿ, ವ್ಯಾಪಾರ ನಡೆಯಲಿ ಎನ್ನುವ ಸರ್ಕಾರ ಆ ಮೊಬೈಲಿನ ಬೀಗದ ಜವಾಬ್ದಾರಿಯನ್ನೂ ಹೊರಬೇಕು.

ನಾವು ಮಾಡಬೇಕಾದುದು

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಈ ಹೊತ್ತೇ ಮಾಡಬಹುದಾದ ಕೆಲಸಗಳಿವೆ.

ತಮ್ಮ ಮೊಬೈಲಿನ ಸೆಟ್ಟಿಂಗ್ಸ್ ಒಳಗೆ ಸೆಕ್ಯುರಿಟಿ ಅಪ್‌ಡೇಟ್ ಎಂದು ಬರೆದ ಕಡೆ ಒಂದು ತಾರೀಖು ಇರುತ್ತದೆ. ತಮ್ಮ ಬೀಗಕ್ಕೆ ಕೊನೆಯ ಸಾರಿ ಎಣ್ಣೆ ಬಿಟ್ಟ ದಿನ ಅದು. ಮನೆಗೆ ಹೋಗಿ ನೋಡಿರಿ, ಓದಲು ಬಾರದವರಿಗೆ ಮಕ್ಕಳಿಂದ ನೋಡಿಸಿರಿ. ಅಪ್‌ಡೇಟ್ ಬಂದಿದೆ ಎಂದು ಮೊಬೈಲು ಹೇಳಿದಾಗ ಆಮೇಲೆ ನೋಡೋಣ ಎಂದು ತಳ್ಳಬೇಡಿ. ಸಿಕ್ಕಸಿಕ್ಕ ಕಡೆಯಿಂದ ಆಪ್ ಹಾಕಿಕೊಳ್ಳಬೇಡಿ. ತಾರೀಖು ವರ್ಷಗಟ್ಟಲೆ ಹಳೆಯದಾಗಿದ್ದು ಹೊಸ ಅಪ್‌ಡೇಟ್ ಬಾರದಿದ್ದರೆ, ಆ ಮೊಬೈಲಿನಲ್ಲಿ ಮಾತನಾಡಿ, ಹಾಡು ಕೇಳಿ. ಬ್ಯಾಂಕಿನ ವ್ಯವಹಾರವನ್ನು ಮಾತ್ರ ಮನೆಯಲ್ಲಿರುವ ಹೊಸ ಮೊಬೈಲಿನಲ್ಲಿ ನಡೆಸಿ. ಹೊಸದು ಕೊಳ್ಳುವಾಗ ಕ್ಯಾಮೆರಾ ಎಂಥದು ಎಂದು ಕೇಳುವ ಮೊದಲು, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಎಂದು ಕೇಳಿರಿ. ಒಬ್ಬ ಕೇಳಿದರೆ ಅಂಗಡಿಯವನು ನಗುತ್ತಾನೆ. ಚಾಮರಾಜನಗರದಲ್ಲಿ, ಗುಂಡ್ಲುಪೇಟೆಯಲ್ಲಿ ನೂರು ಮಂದಿ ಕೇಳಿದರೆ ಅವನು ಕಂಪನಿಯವನನ್ನು ಕೇಳುತ್ತಾನೆ.

ಇನ್ನು ನಮ್ಮ ಸಹಕಾರ ಸಂಘಗಳಲ್ಲಿ, ಕಾರ್ಮಿಕ ಸಂಘದ ಕಚೇರಿಗಳಲ್ಲಿ ಇರುವ ಕಂಪ್ಯೂಟರುಗಳು. ಸದಸ್ಯರ ಸಾಲದ ಲೆಕ್ಕ, ಷೇರಿನ ಲೆಕ್ಕ ಅವುಗಳಲ್ಲಿವೆ. ಅವುಗಳಿಗೆ ಕೊನೆಯ ದುರಸ್ತಿ ಯಾವಾಗ ಹಾಕಿದಿರಿ ಎಂದು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎದ್ದುನಿಂತು ಕೇಳಿರಿ. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿರಿ.

ಹತ್ತು ಕೈ ಒಂದೇ ಸ್ವತ್ತನ್ನು ಮುಟ್ಟುವ ಕಡೆ ಒಳ್ಳೆಯತನವೊಂದೇ ಸಾಲದು, ಎಲ್ಲರೂ ಒಪ್ಪಿದ ಕ್ರಮ ಬೇಕು. ಆ ಕ್ರಮ ಒಬ್ಬನ ಕೈಗೆ ಬೀಗದ ಕೈ ಕೊಟ್ಟು ಉಳಿದವರನ್ನು ಬಾಗಿಲಲ್ಲಿ ನಿಲ್ಲಿಸುವಂಥದಾಗಿರಬಾರದು; ಯಾರಿಗೆ ಬೇಕೋ ಅವರು ಬಂದು ಹೋಗುವಂತೆ, ಆದರೆ ಒಬ್ಬನ ಕೆಲಸ ಇನ್ನೊಬ್ಬನಿಂದ ಕೆಡದಂತೆ ಇರಬೇಕು. ಹಾಗೆ ಮಾಡಬಹುದೆಂಬುದನ್ನು ದೇಶ ದೇಶಗಳ ಕೆಲಸಗಾರರು ಒಂದು ಕರ್ನಲಿನೊಳಗೆ ಮೂವತ್ತು ವರ್ಷ ತಿದ್ದಿ ತೀಡಿ ತೋರಿಸಿದ್ದಾರೆ. ಅವರ ದುರಸ್ತಿ ನಮ್ಮ ಕೊನೆಯ ಗದ್ದೆಯವರೆಗೆ ಹರಿಯುವಂತೆ ತೂಬು ಎತ್ತಿಸುವ ಕೆಲಸ ನಮ್ಮದು. ಅದಕ್ಕೆ ತಾವೆಲ್ಲರೂ ಸೇರಬೇಕೆಂದು ಕೇಳಿಕೊಳ್ಳುತ್ತೇವೆ.